ಹಾಡುಗಳು: ಸೊನ್ನೆ

ಜುಲೈ 7, ಸೋಮವಾರ

ಜೆ.ಪಿ. ನಗರ ಏಳನೇ ಹಂತದ ಸಮಸ್ತ ನಿವಾಸಿಗಳ ಅವಗಾಹನೆಗೆ ಈ ಮೂಲಕ ಪ್ರಕಟಿಸುವುದೇನೆಂದರೆ, ಇಂದು ಬೆಳಗ್ಗೆ ಹತ್ತೂ ನಲವತ್ತಕ್ಕೆ, ರಾಹುಕಾಲ ಕಳೆದು ಶುಭ ಮುಹೂರ್ತದಲ್ಲಿ, ಕುಮಾರಿ ವಾರಿಜಾ, ವಯಸ್ಸು ಅರವತ್ತೊಂದು, ನಿವೃತ್ತ ರೆಕಾರ್ಡ್ ರೂಮ್ ಅಧೀಕ್ಷಕಿ, ಒಂದು ಕೇಬಲ್ಲಿನ ತುದಿಯನ್ನು ಒಂದು ತೂತಿನೊಳಗೆ ಮೊದಲ ಪ್ರಯತ್ನದಲ್ಲೇ ಸಿಕ್ಕಿಸಿದ್ದಾರೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಿರುವುದು ಇದಕ್ಕೆ ಕಾರಣವಿರಬಹುದು.

ತೂತು ಅಕ್ಕನ ಹಾಡಿನ ಯಂತ್ರದ್ದು. ಇಸ್ಪೀಟೆಲೆಯಷ್ಟು ಉದ್ದಗಲ, ಮೈಸೂರುಪಾಕಿನಷ್ಟು ದಪ್ಪ. ನವೆಂಬರಿನಲ್ಲಿ ಅಕ್ಕ ಹೋದ ಮೇಲೆ ಅವಳ ಬೀರುವಿನಲ್ಲಿ ರವಿಕೆ ಕಣಗಳ ಕೆಳಗೆ ಎಂಟು ತಿಂಗಳು ಮಲಗಿತ್ತು. ನಾನು ತೆಗೆಯುತ್ತಿರಲಿಲ್ಲ. ನಿನ್ನೆ ಸುರಭಿ ಫೋನ್ ಮಾಡಿದಳು. ಅಕ್ಕನ ಹಳೆಯ ಶಿಷ್ಯೆ, ಈಗ ಅರೆಕೆರೆಯಲ್ಲಿ ತಾನೇ ಮಕ್ಕಳಿಗೆ ಸಂಗೀತ ಹೇಳುತ್ತಾಳೆ.

"ಆಂಟಿ, ಟೀಚರ್ ಪಾಠ ಪೂರ್ತಿ ಅದ್ರಲ್ಲೇ ಇದೆ. ನಾನೇ ಪ್ರತಿ ತಿಂಗಳು ರೆಕಾರ್ಡ್ ಮಾಡಿದ್ದನ್ನ ನನ್ನ ಲ್ಯಾಪ್‌ಟಾಪಿಂದ ಹಾಕಿ ಕೊಡ್ತಿದ್ದೆ. ಆ ಲ್ಯಾಪ್‌ಟಾಪ್ ಎಕ್ಸ್‌ಚೇಂಜ್‌ಗೆ ಹೋಯ್ತು. ಬೇರೆ ಕಾಪಿ ಎಲ್ಲೂ ಇಲ್ಲ."

ನವರಾತ್ರಿಗೆ ಜಯನಗರದ ಒಂದು ಸಭೆಯಲ್ಲಿ ಅವಳ ಕಛೇರಿಯಂತೆ. ಅಕ್ಕ ತಾನೇ ಕಟ್ಟಿದ ಬನಶಂಕರಿಯ ಹಾಡನ್ನು ಹಾಡಬೇಕಂತೆ. ಮೂರನೆಯ ಚರಣ ಕೊನೆಯ ಪಾಠದಲ್ಲಿ ಮಾತ್ರ ಆಗಿತ್ತಂತೆ. ಅದು ಅವಳಿಗೆ ಮರೆತಿದೆ. ಅಕ್ಕ ಬರೆದಿಡುವವಳಲ್ಲ. ಬರೆದಿಡುವವಳು ನಾನು.

ನನಗೂ ಸಂಗೀತಕ್ಕೂ ಸಂಬಂಧವಿಲ್ಲ ಎಂದು ದಾಖಲೆಗಾಗಿ ಇಲ್ಲಿ ನಮೂದಿಸುತ್ತೇನೆ. ನನಗೆ ಒಂಬತ್ತು ವರ್ಷವಾಗಿದ್ದಾಗ ಹದಿನಾಲ್ಕರ ಅಕ್ಕ, "ನೀನು ಬಾಯಿ ಮುಚ್ಚೇ, ನಿನಗೆ ಶ್ರುತಿ ಇಲ್ಲ" ಎಂದು ಆದೇಶ ಹೊರಡಿಸಿದಳು. ಐವತ್ತೆರಡು ವರ್ಷವಾದರೂ ಆದೇಶ ರದ್ದಾಗಿಲ್ಲ. ಗಣೇಶನಿಗೆ ಆರತಿ ಎತ್ತುವಾಗಲೂ ನಾನು ಗಂಟೆ ಅಷ್ಟೇ ಬಾರಿಸುವುದು.

ಜುಲೈ 9, ಬುಧವಾರ

ಯಂತ್ರ ಮಾಡಿದ ಕಂಪನಿಯವರದೇ ಒಂದು ತಂತ್ರಾಂಶವಿದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಹಾಕಿದ್ದೇ ತಡ, ಅದೊಂದು ಪ್ರಶ್ನೆ ಕೇಳಿತು. ಈ ಯಂತ್ರ ಬೇರೊಂದು ಕಂಪ್ಯೂಟರಿಗೆ ಸೇರಿದ್ದು. ಇದರಲ್ಲಿರುವುದನ್ನೆಲ್ಲ ಅಳಿಸಿ ಇಲ್ಲಿಗೆ ಸೇರಿಸಿಕೊಳ್ಳಲೇ? ಕೆಳಗೆ ಎರಡು ಗುಂಡಿ. 'ಅಳಿಸು' ಎಂಬುದು ನೀಲಿಯಾಗಿ ಮಿನುಗುತ್ತಿತ್ತು. 'ಬೇಡ' ಎಂಬುದು ಅಪರಾಧಿಯಂತೆ ಬೂದು ಬಣ್ಣದಲ್ಲಿ ನಿಂತಿತ್ತು.

ಮೂವತ್ತಮೂರು ವರ್ಷ ಸರ್ಕಾರಿ ನೌಕರಿ ಮಾಡಿದವಳು. ಎರಡನ್ನೂ ಒತ್ತದೆ ಕಾಫಿಗೆ ಎದ್ದು ಹೋದೆ. ಬಂದು ನೋಡಿದರೆ ನೀಲಿ ಗುಂಡಿ ಇನ್ನೂ ಮಿನುಗುತ್ತಲೇ ಇತ್ತು. ಗುಂಡಿಗೆ ಅಷ್ಟು ತಾಳ್ಮೆ ಇರಬಾರದು.

ಮಹಡಿಯ ಮೇಲಿರುವ ಮನೆ ಮಾಲೀಕರ ಮಗ ನಂದಕುಮಾರನನ್ನು ಕರೆದೆ. ಕೋಣನಕುಂಟೆ ಕ್ರಾಸಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಪರದೆ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ.

"ಪುಣ್ಯಕ್ಕೆ ಒತ್ತಿಲ್ಲ ಆಂಟಿ. ಒತ್ತಿದ್ರೆ ಹಂಸಾ ಆಂಟಿ ಗೋವಿಂದ!"

ಅಂದಮೇಲೆ ತಾನೇ ನಾಲಗೆ ಕಚ್ಚಿಕೊಂಡ. ಪಾಪ. ಅಕ್ಕ ಆಗಲೇ ಗೋವಿಂದ ಎಂಬುದು ಇಬ್ಬರಿಗೂ ಒಂದು ಕ್ಷಣ ಮರೆತಿತ್ತು.

ಜುಲೈ 12, ಶನಿವಾರ

ಕಂಪನಿಯ ತಂತ್ರಾಂಶಕ್ಕೆ ನಂದಕುಮಾರ ಮೋಕ್ಷ ಕೊಡಿಸಿದ. "ಇದಿಲ್ದೇನೂ ನಡೆಯುತ್ತೆ ಆಂಟಿ. ಇದೂ ಒಂದು ಪೆನ್‌ಡ್ರೈವೇ ಅನ್ಕೊಳ್ಳಿ. ಹಾಡೆಲ್ಲ ಬಚ್ಚಿಟ್ಟಿರ್ತಾರೆ, ಅಷ್ಟೇ." ಎಲ್ಲೋ ಒಂದು ಟಿಕ್ ಹಾಕಿದ. ಖಾಲಿ ಇದ್ದ ಪರದೆಯ ಮೇಲೆ ಇಪ್ಪತ್ತು ಫೋಲ್ಡರುಗಳು ಮಂಜು ಮಂಜಾಗಿ ಎದ್ದು ನಿಂತವು. ಇಷ್ಟು ದಿನವೂ ಅಲ್ಲೇ ಇದ್ದವಂತೆ.

ಒಳಗೆ ನೋಡಿ ನನಗೆ ಬೆವರು ಬಂತು. ಇನ್ನೂರ ಹನ್ನೆರಡು ಕಡತ. ಒಂದಕ್ಕೂ ಹೆಸರಿಲ್ಲ. ಒಂದೊಂದಕ್ಕೂ ನಾಲ್ಕು ಇಂಗ್ಲಿಷ್ ಅಕ್ಷರ, ಕೆ-ಕ್ಯೂ-ಝಡ್-ಎಲ್ ಅಂತ, ಯಾರೋ ಕಣ್ಣು ಮುಚ್ಚಿ ಒತ್ತಿದ ಹಾಗೆ. ದಿನಾಂಕವಿಲ್ಲ, ವಿಷಯವಿಲ್ಲ, ಕ್ರಮಸಂಖ್ಯೆ ಇಲ್ಲ. ಇಂಥ ರೆಕಾರ್ಡ್ ರೂಮು ಇಟ್ಟವನನ್ನು ನಾನು ಅಂದೇ ಸಸ್ಪೆಂಡ್ ಮಾಡಿಸುತ್ತಿದ್ದೆ.

"ಫಸ್ಟು ಎಲ್ಲಾ ಕಾಪಿ ಮಾಡ್ಕೊಂಬಿಡಿ ಆಂಟಿ. ಹತ್ತು ನಿಮಿಷದ ಕೆಲಸ."

"ಕ್ರಮಪಡಿಸದ ಕಡತಕ್ಕೆ ನಕಲು ಕೊಡಬಾರದು ನಂದಕುಮಾರ. ಗಲೀಜನ್ನ ನಕಲು ಮಾಡಿದ್ರೆ ಎರಡು ಗಲೀಜಾಗುತ್ತೆ. ಮೊದಲು ಹೆಸರು, ಆಮೇಲೆ ನಕಲು."

"ಅದ್ಯಾವ ರೂಲು ಆಂಟಿ?"

"ನಂದೇ."

ತಲೆ ಕೆರೆದುಕೊಂಡು ಹೋದ. ಕೆಲಸ ಇಷ್ಟೇ. ಒಂದೊಂದನ್ನೂ ಕೇಳುವುದು, ಗುರುತಿಸುವುದು, ಹೆಸರಿಡುವುದು. ದಿನಕ್ಕೆ ಆರೇಳು. ಕೇಳಿದರೆ ನನಗೇನೂ ಆಗುವುದಿಲ್ಲ. ನನಗೆ ಎಲ್ಲ ರಾಗವೂ ಒಂದೇ.

ಜುಲೈ 15, ಮಂಗಳವಾರ

ಮೊದಲ ಕಡತ ತೆರೆದೆ. ಹಾಡಿಗಿಂತ ಮುಂಚೆ ಅಕ್ಕ ಉಸಿರು ಎಳೆದುಕೊಳ್ಳುವ ಸದ್ದು.

ಅಲ್ಲಿಗೇ ನಿಲ್ಲಿಸಿ, ಹುರಳಿಕಾಯಿ ಹೆಚ್ಚಿಟ್ಟು ಬಂದೆ.

ಮತ್ತೆ ಕೂತೆ. "ಸುರಭಿ, ಇನ್ನೊಂದ್ಸಲ. ಅವಸರ ಏನು? ಬಸ್ಸು ಹಿಡೀಬೇಕಾ?" ಅಂದಳು ಅಕ್ಕ. ನಾನು "ಇಲ್ಲ" ಅಂದೆ. ಅಂದದ್ದು ಆಮೇಲೆ ಗೊತ್ತಾಯಿತು.

ಹನ್ನೊಂದು ಗಂಟೆಗೆ ಬಾಗಿಲ ಬೆಲ್ಲಾಯಿತು. ಹೋಗಿ ತೆರೆದರೆ ಯಾರೂ ಇಲ್ಲ. ಮಹಡಿ ಮಕ್ಕಳ ಚೇಷ್ಟೆ ಎಂದು ಬಯ್ದುಕೊಂಡು ಬಂದು ಕೂತೆ. ಮತ್ತೆ ಬೆಲ್ಲು. ಮತ್ತೆ ಹೋದೆ. ಬೀದಿಯ ಆ ತುದಿಯವರೆಗೂ ನರಪಿಳ್ಳೆ ಇಲ್ಲ. ವಾಪಸು ಬರುವಾಗ ಲ್ಯಾಪ್‌ಟಾಪಿನೊಳಗಿಂದ ಅಕ್ಕ ಕೂಗುತ್ತಿದ್ದಳು: "ವಾರಿಜಾ, ಬಾಗಿಲು ನೋಡೇ, ಎರಡು ಸಲ ಆಯ್ತು!"

ಯಾವ ವರ್ಷದ ಬೆಲ್ಲೋ. ಯಾರು ಬಂದಿದ್ದರೋ. ಆವತ್ತು ನಾನು ತೆರೆದಿದ್ದೆನೋ ಇಲ್ಲವೋ.

ಜುಲೈ 24, ಗುರುವಾರ

ಐವತ್ತೊಂದು ಆಯಿತು. ಹೆಸರುಗಳನ್ನು ಸದ್ಯಕ್ಕೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. 'ಸುರಭಿಗೆ ನೆಗಡಿ, ಮೋಹನ.' 'ಕರೆಂಟ್ ಹೋದದ್ದು.' 'ಕುಕ್ಕರ್ ನಾಲ್ಕು ಸೀಟಿ, ಕಲ್ಯಾಣಿ.' ರಾಗದ ಹೆಸರು ಅಕ್ಕನೇ ಪಾಠದಲ್ಲಿ ಹೇಳುತ್ತಾಳೆ. ನಾನು ಬರೆದುಕೊಳ್ಳುತ್ತೇನೆ, ಅಷ್ಟೇ.

ಆಗಸ್ಟ್ 2, ಶನಿವಾರ

ಇಂದು ಸಿಕ್ಕ ಪಾಠದಲ್ಲಿ ಹೊಸ ಶಿಷ್ಯೆಗೆ ಅಕ್ಕ ಹೇಳುತ್ತಿದ್ದಾಳೆ: "ನೋಡಮ್ಮಾ, ಒಳಗೆ ಅಡುಗೆಮನೇಲಿ ನನ್ನ ತಂಗಿ ಇದಾಳೆ. ನೀನು ಸ್ವರ ತಪ್ಪಿದ್ರೆ ಅವಳು ಪಾತ್ರೆ ಕುಕ್ತಾಳೆ. ನಾನು ಹೇಳೋದೇ ಬೇಡ. ಕೇಳ್ತಿರು ಬೇಕಾದ್ರೆ."

ಇಬ್ಬರೂ ನಕ್ಕರು. ಹುಡುಗಿ ಹಾಡಿದಳು. ಒಂದು ಕಡೆ ಜಾರಿದಳು. ಒಳಗೆ ಢಣ್!

ಇದು ಅಪಪ್ರಚಾರ. ಪಾತ್ರೆ ತೊಳೆಯುವಾಗ ಸದ್ದು ಆಗದೆ ಇನ್ನೇನಾಗುತ್ತದೆ? ಖಚಿತಪಡಿಸಿಕೊಳ್ಳಲು ಆ ತಿಂಗಳಿನದು ಎಂದು ತೋರುವ ಇನ್ನೂ ಐದು ಪಾಠ ತೆಗೆದು ಕೇಳಿದೆ. ಒಂಬತ್ತು ತಪ್ಪು, ಒಂಬತ್ತು ಢಣ್. ಕಾಕತಾಳೀಯ ಎಂದು ನೋಟ್‌ಬುಕ್ಕಿನಲ್ಲಿ ಷರಾ ಬರೆದೆ.

ಹತ್ತನೆಯ ತಪ್ಪಿಗೆ ಢಣ್ ಕೇಳಲಿಲ್ಲ. ಆದರೆ ತಪ್ಪಿದ್ದು ಹುಡುಗಿಯಲ್ಲ, ಅಕ್ಕ. ಆಗ ಒಳಗಿದ್ದವಳು ಏನು ಮಾಡುತ್ತಿದ್ದಳೋ ನನಗೆ ನೆನಪಿಲ್ಲ.

ಆಗಸ್ಟ್ 9, ಶನಿವಾರ

ಇಂದು ಕಡತದಲ್ಲಿ ನನ್ನ ದನಿಯನ್ನೇ ಕೇಳಿದೆ. ಪಾಠದ ನಡುವೆ ದೂರದಿಂದ ಒಂದು ಹೆಂಗಸಿನ ದನಿ: "ಅಕ್ಕಾ, ಕಾಫಿ ಆರ್ತಾ ಇದೆ, ಆಮೇಲೆ ನನ್ನ ಬೈಬೇಡ!" ಎಷ್ಟು ಹರೆಯದ ದನಿ. ಆ ಹೆಂಗಸಿಗೆ ಏನೂ ಗೊತ್ತಿಲ್ಲ.

ಹಾಗಾದರೆ ಈ ಮನೆಯಲ್ಲಿ ದೆವ್ವಗಳು ಎರಡು. ಒಂದಕ್ಕೆ ಪಿಂಚಣಿ ಬರುತ್ತಿದೆ.

ಮನೆ ಮಾಲೀಕರ ಹೆಂಡತಿ ಲಕ್ಷ್ಮಮ್ಮ ಸಂಜೆ ಮೆಟ್ಟಿಲಿಳಿದು ಬಂದರು. ಕೋಣನಕುಂಟೆ ಹಳ್ಳಿಯಾಗಿದ್ದಾಗಿನಿಂದ ಇರುವವರು. ಈ ಬೀದಿ ಅವರ ರಾಗಿ ಹೊಲವಾಗಿತ್ತು.

"ವಾರಿಜಮ್ಮಾ, ತಪ್ಪು ತಿಳ್ಕಬ್ಯಾಡಿ. ದಿನಾ ಹಂಸಮ್ಮನ ದನಿ ಕೇಳ್ತದೆ. ವರ್ಷ ತುಂಬೋಗಂಟ ಇಲ್ಲೇ ಸುತ್ತಾಡ್ತರಂತೆ ಕನಮ್ಮಾ. ಬೇವಿನಸೊಪ್ಪು ಕಟ್ಲಾ?"

"ಅದು ರೆಕಾರ್ಡು ಲಕ್ಷ್ಮಮ್ಮ, ಲ್ಯಾಪ್‌ಟಾಪಿಂದ ಬರೋದು."

"ಅಂಗಾ? ಇರ್ಲಿ, ಆದ್ರೂ ಕಟ್ತೀನಿ. ಸೊಪ್ಪಿಗೇನು ಕಾಸಾ?"

ಕಟ್ಟಿ ಹೋದರು. ಈಗ ಬಾಗಿಲಲ್ಲಿ ಬೇವು, ಒಳಗೆ ಅಕ್ಕ. ಅವಳಿಗೆ ಬೇವು ಕಹಿ ಎನಿಸುತ್ತಲೇ ಇರಲಿಲ್ಲ, ಬೇವಿನ ಹೂವಿನ ಗೊಜ್ಜು ಬಾಯಿ ಚಪ್ಪರಿಸಿಕೊಂಡು ತಿನ್ನುತ್ತಿದ್ದಳು.

ಆಗಸ್ಟ್ 18, ಸೋಮವಾರ

ಇನ್ನೂರ ಹನ್ನೆರಡೂ ಮುಗಿಯಿತು. ಕೊನೆಯದಾಗಿ ಸಿಕ್ಕಿದ್ದೇ ಕೊನೆಯ ಪಾಠ. ಬನಶಂಕರಿಯ ಹಾಡು, ಆನಂದಭೈರವಿ. 'ನಿಂಬೆಯ ಹೋಳಲ್ಲಿ ಬೆಳಕಿಟ್ಟೆನಮ್ಮಾ' ಎಂದು ಶುರು. ಅಕ್ಕನಿಗೆ ಆಗಲೇ ಆಯಾಸ, ಪ್ರತಿ ಸಾಲಿನ ಕೊನೆಗೆ ನಿಲ್ಲುತ್ತಾಳೆ. ಗುರುತು ಗಟ್ಟಿ ಮಾಡಿಕೊಳ್ಳಲು ಇದನ್ನು ಒಂದೆರಡು ಸಲ ಜಾಸ್ತಿ ಕೇಳಿದೆ. ಹನ್ನೊಂದು ಸಲ.

ಸುರಭಿಗೆ ಫೋನ್ ಮಾಡಿ, "ಸಿಕ್ಕಿತು. ನಾಳೆ ಕಳಿಸ್ತೀನಿ, ಇವತ್ತು ಹೆಸರಿಡೋ ಶಾಸ್ತ್ರ ಇದೆ" ಅಂದೆ. "ಇವತ್ತೇ ಕಳಿಸಿ ಆಂಟೀ" ಅಂತ ಗೋಗರೆದಳು. ನಾನು ಕ್ರಮ ಬಿಡಲಿಲ್ಲ.

ಮಧ್ಯಾಹ್ನ ಕೂತು, ನೋಟ್‌ಬುಕ್ಕು ನೋಡಿಕೊಂಡು, ಯಂತ್ರದೊಳಗಿನ ಇನ್ನೂರ ಹನ್ನೆರಡು ಕಡತಕ್ಕೂ ಹೊಸ ಹೆಸರು ಟೈಪು ಮಾಡಿದೆ. ಕ್ರಮಸಂಖ್ಯೆ, ರಾಗ, ಶಿಷ್ಯೆ, ಷರಾ. ಬೆನ್ನು ಬಿದ್ದುಹೋಯಿತು. ಆದರೆ ಎಂಥ ಚಂದ! ಸಾಲಾಗಿ ನಿಂತ ಕಡತಗಳನ್ನು ನೋಡಿದರೆ ಕಣ್ಣು ತುಂಬುತ್ತಿತ್ತು.

ಕೇಬಲ್ ಕಿತ್ತು, ಯಂತ್ರಕ್ಕೆ ಇಯರ್‌ಫೋನು ಸಿಕ್ಕಿಸಿದೆ. ಪುಟ್ಟ ಪರದೆ ಬೆಳಗಿತು.

ಹಾಡುಗಳು: ಸೊನ್ನೆ.

ಅದರ ಕೆಳಗೇ, ತುಂಬಿರುವ ಜಾಗ: ಹದಿನಾಲ್ಕು ಜಿಬಿ.

ಆಗಸ್ಟ್ 19, ಮಂಗಳವಾರ

ಸೊನ್ನೆ.

ಆಗಸ್ಟ್ 20, ಬುಧವಾರ

ನಂದಕುಮಾರ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಬರೆದುಕೊಳ್ಳುತ್ತೇನೆ. ಯಂತ್ರದೊಳಗೆ ಒಂದು ರಿಜಿಸ್ಟರು ಇದೆ. ಯಾವ ಹಾಡು ಯಾವ ಕೋಣೆಯಲ್ಲಿ, ಯಾವ ಹೆಸರಿನಲ್ಲಿದೆ ಎಂದು ಅದರಲ್ಲಿ ನಮೂದಾಗಿರುತ್ತದೆ. ಆ ಕೆ-ಕ್ಯೂ-ಝಡ್-ಎಲ್ ಗಲೀಜಲ್ಲ, ಕಡತದ ನಂಬರು. ನಾನು ಕಡತದ ಮೇಲಿನ ನಂಬರು ಅಳಿಸಿ ನನ್ನ ಚೀಟಿ ಅಂಟಿಸಿದೆ, ರಿಜಿಸ್ಟರು ತಿದ್ದಲಿಲ್ಲ. ಹಾಡುಗಳು ಅಲ್ಲೇ ಇವೆ. ಯಂತ್ರದ ಪ್ರಕಾರ ಇಲ್ಲ.

ಈ ಮಾತು ನಾನೇ ಎಷ್ಟು ಜನಕ್ಕೆ ಹೇಳಿಲ್ಲ. ಗೊಟ್ಟಿಗೆರೆಯಿಂದ ಪಿಳ್ಳಣ್ಣ ಅಂತ ಒಬ್ಬರು ಮುದುಕರು ಜಮೀನಿನ ಕಾಗದ ಹುಡುಕಿಕೊಂಡು ಬರುತ್ತಿದ್ದರು. "ರಿಜಿಸ್ಟರಲ್ಲಿಲ್ಲ ಅಜ್ಜಾ" ಅಂದರೆ, "ಒಳಗೆ ಇರ್ತದೆ ನೋಡವ್ವಾ, ನಮ್ಮಪ್ಪನ ಹೆಬ್ಬೆಟ್ಟು ಐತೆ ಅದ್ರಲ್ಲಿ" ಅನ್ನುತ್ತಿದ್ದರು. ನಾಲ್ಕು ವರ್ಷ ಬಂದರು. ನಾನು ಒಂದು ದಿನವೂ ಒಳಗೆ ಹೋಗಿ ನೋಡಲಿಲ್ಲ. ಈಗ ಅವರು ಕೌಂಟರಿನ ಒಳಗಡೆ, ನಾನು ಹೊರಗಡೆ.

"ಟೆನ್ಷನ್ ಬೇಡ ಆಂಟಿ, ಯಂತ್ರಕ್ಕೆ ಗೊತ್ತಿಲ್ದಿದ್ರೂ ಕಂಪ್ಯೂಟರ್‌ಗೆ ಕಾಣುತ್ತೆ. ಈಗ್ಲೇ ಎತ್ಕೊಳ್ಳಣ" ಎಂದು ಕೇಬಲ್ ಹಾಕಿದ. ಯಂತ್ರ ಕಟ್, ಕಟ್, ಕಟ್ ಎಂದಿತು. ಒಳಗೆ ಯಾರೋ ಉಗುರಿನಿಂದ ಬಡಿದ ಹಾಗೆ. ಅವನ ಮುಖ ಇಳಿಯಿತು.

"ಡಿಸ್ಕು ಹಳೇದು ಆಂಟಿ. ಒಂದು ತಿಂಗಳಿಂದ ದಿನಾ ಓಡಿಸಿದೀರ. ಮೊದ್ಲೇ ಕಾಪಿ..."

ಅಲ್ಲಿಗೆ ನಿಲ್ಲಿಸಿದ. ಒಳ್ಳೆಯ ಮನುಷ್ಯ. ಯಂತ್ರವನ್ನೂ ನನ್ನ ಲ್ಯಾಪ್‌ಟಾಪನ್ನೂ ಅಂಗಡಿಗೆ ತೆಗೆದುಕೊಂಡು ಹೋದ. ನಿಧಾನಕ್ಕೆ, ಒಂದೊಂದಾಗಿ, ತಣ್ಣಗಾಗಲು ಬಿಟ್ಟು ಬಿಟ್ಟು ತೆಗೆಯಬೇಕಂತೆ. ನಾಲ್ಕೈದು ದಿನ.

ಸುರಭಿಗೆ ಹೇಳಿದೆ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 22, ಶುಕ್ರವಾರ

ಮನೆ ಎಷ್ಟು ಸದ್ದಿಲ್ಲದೆ ಇದೆಯೆಂದರೆ, ಫ್ರಿಜ್ಜು ನಿಂತಾಗ ಬೆಚ್ಚಿಬೀಳುತ್ತೇನೆ. ಫ್ರಿಜ್ಜಿನ ಗುಂಯ್ ಅಕ್ಕನ ಶ್ರುತಿಗಿಂತ ಅರೆ ಸ್ವರ ಕೆಳಗಿದೆ. ಇಷ್ಟು ವರ್ಷ ಯಾರೂ ದೂರು ಕೊಟ್ಟಿಲ್ಲ.

ಹತ್ತು ಗಂಟೆಗೆ ಲಕ್ಷ್ಮಮ್ಮ ಬಂದರು. ಕೈಯಲ್ಲಿ ಇನ್ನೊಂದು ಕಟ್ಟು ಬೇವು.

"ನಿಮ್ ರೆಕಾರ್ಡು ಇವತ್ತು ಸ್ಯಾನೆ ಚೆನ್ನಾಗಿತ್ತು ಕನಮ್ಮಾ. ಮ್ಯಾಲೆ ಮೆಣಸಿನಕಾಯಿ ಹರವ್ತಿದ್ದೆ, ಅಂಗೇ ಕೂತ್ಕಂಬಿಟ್ಟೆ."

"ಯಾವ ರೆಕಾರ್ಡು?"

"ಅದೇ, ಬನಶಂಕರಮ್ಮನ ಹಾಡು. ನಿಂಬೆಹೋಳು, ಬೆಳಕು ಅಂತ. ಹಂಸಮ್ಮ ಏನ್ ಹಾಡ್ತಾ ಇದ್ರು ಅಂತೀನಿ! ಮೊದ್ಲು ದಮ್ಮು ಕಟ್ತಿತ್ತು ಪಾಪ, ಇವತ್ತು ಅದೂ ಇಲ್ಲ."

"ಎಷ್ಟು ಹೊತ್ತಿಗೆ?"

"ಎಂಟೂವರೆ ಇರ್ಬೇಕು. ಕೆಳಗೆ ನೀವು ಬಟ್ಟೆ ಒಗೀತಿದ್ರಲ್ಲ, ಆಗ."

ಯಂತ್ರ ಕ್ರಾಸಿನ ಅಂಗಡಿಯಲ್ಲಿ. ಲ್ಯಾಪ್‌ಟಾಪೂ ಅಲ್ಲೇ. ನಂದಕುಮಾರನಿಗೆ ಫೋನ್ ಮಾಡಿದೆ. "ಇಲ್ಲೇ ಇದೆ ಆಂಟಿ, ಎಲ್ಲಿಗೆ ಹೋಗುತ್ತೆ?" ಎಂಟೂವರೆಗೆ ನಾನು ಹಿತ್ತಲಲ್ಲಿ ಒಗೆಯುವ ಕಲ್ಲಿನ ಹತ್ತಿರವೇ ಇದ್ದೆ. ಎರಡು ಹೊದಿಕೆ, ಒಂದು ಸೀರೆ. ಇಡೀ ಹೊತ್ತು ಒಬ್ಬಳೇ ಇದ್ದೆ. ಏನೂ ಕೇಳಲಿಲ್ಲ. ಕುಕ್ಕುವ ಸದ್ದು, ನೀರಿನ ಸದ್ದು, ಅಷ್ಟೇ.

ಲಕ್ಷ್ಮಮ್ಮ ಸುಳ್ಳು ಹೇಳುವವರಲ್ಲ. ಬೇವು ಕಟ್ಟಲು ಬಿಟ್ಟೆ. ಆಮೇಲೆ ಅವರು ಹೋದ ಮೇಲೆ ಬಿಚ್ಚಿಟ್ಟೆ. ಬರುವವಳು ಬರಲಿ.

ಆಗಸ್ಟ್ 25, ಸೋಮವಾರ

ನಂದಕುಮಾರ ಯಂತ್ರ, ಲ್ಯಾಪ್‌ಟಾಪುಗಳ ಜೊತೆ ಎರಡು ಪೆನ್‌ಡ್ರೈವ್ ತಂದುಕೊಟ್ಟ. ಎರಡರಲ್ಲೂ ಒಂದೇ ಸರಕು. "ಒಂದು ನೀವು ಇಟ್ಕೊಳ್ಳಿ, ಒಂದು ಸುರಭಿ ಮೇಡಮ್‌ಗೆ. ನೂರ ತೊಂಬತ್ತಾರು ಬಂತು. ಹದಿನಾರು ಓದಲೇ ಇಲ್ಲ ಆಂಟಿ. ಏನೇನೋ ಮಾಡಿದೆ." ಯಂತ್ರ ಈಗ ಕಟ್ ಎಂದೂ ಅನ್ನುವುದಿಲ್ಲ.

ನೋಟ್‌ಬುಕ್ಕು ತೆಗೆದು ಒಂದೊಂದೇ ಟಿಕ್ ಹಾಕುತ್ತ ಹೋದೆ. ಇನ್ನೂರ ಹನ್ನೆರಡನೆಯದು ಇಲ್ಲ. ಕೊನೆಯ ಪಾಠ ಇಲ್ಲ. ನಾನು ಅದಕ್ಕೆ ಷರಾ ಕಾಲಮ್ಮಿನಲ್ಲಿ 'ಶಾಶ್ವತವಾಗಿ ಇಡತಕ್ಕದ್ದು' ಎಂದು ಬರೆದಿದ್ದೆ.

ಸಂಜೆ ಧೈರ್ಯ ಮಾಡಿ ಸುರಭಿಗೆ ಫೋನ್ ಮಾಡಿದೆ. "ಹೋಯ್ತಮ್ಮ. ನಾನೇ ಕಳೆದೆ" ಅಂದೆ. ಅವಳು ಅತ್ತಳು. "ಎರಡು ಚರಣಕ್ಕೇ ನಿಲ್ಲಿಸ್ತೀನಿ ಆಂಟಿ. ಮೂರನೇದು ಟೀಚರ್ ಜೊತೇಲೇ ಹೋಯ್ತು ಅನ್ಕೋತೀನಿ. 'ಎಣ್ಣೆ ತೀರಿದ ಮೇಲೂ' ಅಂತ ಏನೋ ಬರ್ತಿತ್ತು, ಅಷ್ಟೇ ನೆನಪು."

ನನಗೆ ಸ್ವಲ್ಪ ಸಿಟ್ಟೇ ಬಂತು. ಪಾಠ ಹೇಳಿಸಿಕೊಂಡವಳು ಇವಳು! "ಅದರಲ್ಲೇನಿದೆ ಸುರಭಿ ಮರೆಯೋಕೆ? 'ಎಣ್ಣೆ ತೀರಿದ ಮೇಲೂ ಕಣ್ಣಾಗಿರಮ್ಮಾ' ಅಂತಲ್ವಾ?" ಎಂದು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹೇಳಿದೆ. ಹಾಡಲಿಲ್ಲ. ಯಾರಿಗಾದರೂ ಮನೆ ವಿಳಾಸ ಹೇಳುವುದಿಲ್ಲವೇ, ಇಲ್ಲಿ ತಿರುಗಿ ಅಲ್ಲಿ ಏರಿ ಎಂದು, ಹಾಗೆ. ಎರಡನೆಯ ಸಾಲಿನಲ್ಲಿ ಗಾಂಧಾರವನ್ನು ಅಷ್ಟು ಎಳೆಯಬೇಡ, ಅಕ್ಕ ಅಲ್ಲಿ ನಿಲ್ಲುತ್ತಿದ್ದದ್ದು ಆಯಾಸಕ್ಕೆ, ರಾಗದ ಸಂಗತಿಗಲ್ಲ ಎಂದೂ ಹೇಳಿದೆ.

ಲೈನು ಹೋಯಿತೇನೋ ಎಂದು ಎರಡು ಸಲ ಹಲೋ ಅಂದೆ.

"ಆಂಟಿ," ಅಂದಳು ಬಹಳ ಮೆತ್ತಗೆ. "ಈಗ ಟೀಚರ್ ಹಾಡಿದ್ರು."

"ಎಲ್ಲಿ?"

"ಫೋನಲ್ಲಿ. ಇನ್ನೊಂದ್ಸಲ ಹೇಳ್ತೀರಾ? ರೆಕಾರ್ಡ್ ಮಾಡ್ಕೋತೀನಿ."

ನಾನು ಹಿಂದೆ ತಿರುಗಿ ನೋಡಿದೆ. ಹಜಾರ, ಖಾಲಿ ಕುರ್ಚಿ, ಮಾತಾಡದ ಯಂತ್ರ. ನನಗೇನೂ ಕೇಳಿರಲಿಲ್ಲ. ಆದರೂ ಸುರಭಿ ಕೇಳಿದ್ದಕ್ಕೆ ಚರಣವನ್ನು ಮತ್ತೆರಡು ಸಲ ಹೇಳಿದೆ. ಅವಳು ಬರೆದುಕೊಳ್ಳುವುದಿಲ್ಲವಂತೆ, ರೆಕಾರ್ಡನ್ನೇ ಇಟ್ಟುಕೊಳ್ಳುತ್ತಾಳಂತೆ. ಈ ಸಲ ಅಳುತ್ತ ನಗುತ್ತಿದ್ದಳು. ಚರಣ ಸಿಕ್ಕಿತಲ್ಲ, ಅದಕ್ಕಿರಬೇಕು.

ಹೀಗಾಗಿ ಸದರಿ ವಿಷಯದಲ್ಲಿ ಸಾಕ್ಷಿಗಳು ಈಗ ಇಬ್ಬರು. ಒಬ್ಬರು ಮಹಡಿಯ ಮೇಲೆ ಕೇಳಿದ್ದಾರೆ, ಒಬ್ಬಳು ಅರೆಕೆರೆಯಲ್ಲಿ ಕೂತು ಕೇಳಿದ್ದಾಳೆ. ಅಕ್ಕ ಬಂದು ಹೋಗುತ್ತಿದ್ದಾಳೆ, ಅದೂ ನಾನು ಇರುವ ಹೊತ್ತಿನಲ್ಲೇ. ಒಂದೇ ಮನೆಯಲ್ಲಿದ್ದುಕೊಂಡು ನನ್ನೊಬ್ಬಳಿಗೇ ಕಿವಿಗೆ ಬೀಳದಂತೆ ಹಾಡುವುದೆಂದರೆ, ಸತ್ತ ಮೇಲೂ ಹಟ ಬಿಟ್ಟಿಲ್ಲ ಎಂದಾಯಿತು.

ಈ ಪುಟ ಮುಂದೆ ಯಾರ ಕಣ್ಣಿಗೆ ಬಿದ್ದರೂ ಒಂದು ಸಣ್ಣ ಉಪಕಾರ ಮಾಡಬೇಕು. ಈ ಮನೆಯಿಂದ ಹಾಡು ಕೇಳಿದರೆ, ದಯವಿಟ್ಟು ಆ ಕ್ಷಣವೇ ನನ್ನನ್ನು ಜೋರಾಗಿ ಒಂದು ಸಲ ಕೂಗಿ. ಹಿತ್ತಲಲ್ಲೋ ಅಡುಗೆಮನೆಯಲ್ಲೋ ಇರುತ್ತೇನೆ. ಕೆಲಸ ನಿಲ್ಲಿಸಿ ಬಂದು, ನಾನೂ ಒಮ್ಮೆ ಕೇಳಿಸಿಕೊಳ್ಳುತ್ತೇನೆ.